ಹುಟ್ಟುವ ಮೊದಲೇ ಎತ್ತಿದ ಚೀಟಿ

2005ರ ಮಾತು. ನಮ್ಮ ತಂದೆಗೆ ಹೃದಯಾಘಾತವಾಗಿ, ಆಸ್ಪತ್ರೆಯಿಂದ ಮನೆಗೆ ಬಂದು ಒಂದು ತಿಂಗಳಾಗಿತ್ತು. ರಕ್ತಪರೀಕ್ಷೆಯ ರಿಪೋರ್ಟನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಎಲ್ಲರೂ ಕೂತಿದ್ದೆವು. ಒಟ್ಟು ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಎಲ್‌ಡಿಎಲ್, ಎಚ್‌ಡಿಎಲ್ ಎಂದು ಒಂದರ ಕೆಳಗೊಂದು ಸಾಲು. ಎಚ್‌ಡಿಎಲ್ ಎದುರಿಗೆ 31 ಎಂದು ಅಚ್ಚಾಗಿತ್ತು. ಅದರ ಕೆಳಗೆ ಡಾಕ್ಟರು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. "ಇದು ಒಳ್ಳೇ ಕೊಲೆಸ್ಟ್ರಾಲ್. 40ರ ಮೇಲಿರಬೇಕು" ಎಂದು ಹೇಳಿ, ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಮಾತ್ರೆಯ ಜೊತೆಗೆ ನಯಾಸಿನ್ ಎಂಬ ಇನ್ನೊಂದು ಮಾತ್ರೆ ಬರೆದುಕೊಟ್ಟಿದ್ದರು. ನಯಾಸಿನ್ ಅಂದರೆ ಬಿ ಗುಂಪಿನ ಜೀವಸತ್ವವೇ. ಆದರೆ ಕೊಡುತ್ತಿದ್ದ ಪ್ರಮಾಣ ಬಹಳ ದೊಡ್ಡದು.

ರಾತ್ರಿ ಊಟವಾಗಿ ಆ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆಲ್ಲ ಅಪ್ಪನ ಕಿವಿ ಕೆಂಪಗಾಗುತ್ತಿತ್ತು. ಆಮೇಲೆ ಕೆನ್ನೆ, ಕುತ್ತಿಗೆ, ಎದೆ. ಹಸಿಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ, ಜೊತೆಗೆ ನವೆ. ಅಮ್ಮ ಪಕ್ಕದಲ್ಲಿ ಕೂತು ಅಂದಿನ ಪತ್ರಿಕೆಯನ್ನು ಮಡಿಸಿ ಗಾಳಿ ಬೀಸುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು. ಎಚ್‌ಡಿಎಲ್ 31ರಿಂದ 38ಕ್ಕೆ ಬಂತು. ಆ ಏಳು ಅಂಕಗಳನ್ನು ಅಪ್ಪ ದುಡಿದು ಕೂಡಿಟ್ಟ ಹಣದಂತೆ ಎಣಿಸುತ್ತಿದ್ದರು.

ಡಾಕ್ಟರದು ತಪ್ಪು ಎಂದು ಹೇಳಲು ನಾನು ಈ ಮಾತು ಎತ್ತಿಲ್ಲ. ಆಗ ಪ್ರಪಂಚದ ತುಂಬ ವೈದ್ಯರು ಹಾಗೇ ನಂಬಿದ್ದರು. ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ನಾನೂ ಹಾಗೇ ನಂಬಿದ್ದೆ, ಮಕ್ಕಳಿಗೆ ಹಾಗೇ ಕಲಿಸುತ್ತಿದ್ದೆ. ನಂಬಲು ಬಲವಾದ ಕಾರಣವೂ ಇತ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಸಾವಿರಾರು ಜನರ ಆರೋಗ್ಯವನ್ನು ವರ್ಷಾನುಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. ರಕ್ತದಲ್ಲಿ ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹೃದಯಾಘಾತ ಹೆಚ್ಚು, ಹೆಚ್ಚು ಇದ್ದವರಿಗೆ ಕಡಿಮೆ ಎಂಬುದು ಅಲ್ಲೂ ಕಂಡಿತು, ಬೇರೆ ದೇಶಗಳಲ್ಲೂ ಕಂಡಿತು. ಆ ಲೆಕ್ಕ ಇವತ್ತಿಗೂ ಸುಳ್ಳಾಗಿಲ್ಲ. ಹಾಗಾದರೆ ಎಚ್‌ಡಿಎಲ್ ಏರಿಸಿದರೆ ಹೃದಯ ಉಳಿಯಬೇಕಲ್ಲ?

ಇಲ್ಲಿ ನಮ್ಮ ಹಳ್ಳಿಗಳಲ್ಲಿ ಹೇಳುವ ಅಜ್ಜಿಯ ಕತೆ ನೆನಪಾಗುತ್ತದೆ. ಒಂದೂರಿನಲ್ಲಿ ಒಬ್ಬ ಅಜ್ಜಿ, ಅವಳ ಹತ್ತಿರ ಒಂದು ಹುಂಜ. ತನ್ನ ಹುಂಜ ಕೂಗಿದರೇನೇ ಊರಿಗೆ ಬೆಳಗಾಗುವುದು ಎಂದು ಅವಳ ನಂಬಿಕೆ. ಊರವರ ಮೇಲೆ ಸಿಟ್ಟು ಮಾಡಿಕೊಂಡು ಒಂದು ದಿನ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಕಾಡಿಗೆ ಹೋಗಿ ಕೂತಳು. ಬೆಳಗು ಎಂದಿನಂತೆ ಆಯಿತು. ಕತೆ ಕೇಳಿದವರೆಲ್ಲ ಅಜ್ಜಿಯನ್ನು ನೋಡಿ ನಗುತ್ತಾರೆ. ನನಗೆ ಮಾತ್ರ ಅವಳ ಮೇಲೆ ಗೌರವ. ಹುಂಜ ಮತ್ತು ಬೆಳಗು ಪ್ರತಿದಿನ ಜೊತೆಯಾಗಿ ಬರುವುದನ್ನು ಊರೆಲ್ಲ ನೋಡಿತ್ತು. ಹುಂಜವನ್ನು ತೆಗೆದರೆ ಬೆಳಗು ನಿಲ್ಲುತ್ತದೆಯೇ ಎಂದು ತೆಗೆದು ತೋರಿಸಿದವಳು ಅವಳೊಬ್ಬಳೇ.

ಎಚ್‌ಡಿಎಲ್ ಹುಂಜವೋ, ಸೂರ್ಯನೋ? ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಯಾಕೆಂದರೆ ರಕ್ತದ ಅಂಕಿಗಳು ಒಂಟಿಯಾಗಿ ಓಡಾಡುವುದಿಲ್ಲ, ಹಿಂಡು ಕಟ್ಟಿಕೊಂಡು ಓಡಾಡುತ್ತವೆ. ಹೊಟ್ಟೆ ಬಂದವರಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಅದರ ಜೊತೆಯಲ್ಲೇ ಎಚ್‌ಡಿಎಲ್ ಇಳಿಯುತ್ತದೆ, ಸಕ್ಕರೆ ಏರುತ್ತದೆ, ಉರಿಯೂತದ ಗುರುತುಗಳೂ ಏರುತ್ತವೆ. ದಿನಾ ಮೈಮುರಿದು ದುಡಿಯುವವರಲ್ಲಿ ಎಚ್‌ಡಿಎಲ್ ಹೆಚ್ಚು, ಬೀಡಿ ಸಿಗರೇಟು ಸೇದುವವರಲ್ಲಿ ಕಡಿಮೆ. ಹೃದಯವನ್ನು ಕಾಪಾಡಿದ್ದು ಎಚ್‌ಡಿಎಲ್ಲೋ, ಅದನ್ನು ಏರಿಸಿದ ನಡಿಗೆಯೋ? ಇನ್ನೂ ಕಷ್ಟದ ಪ್ರಶ್ನೆಯೊಂದಿದೆ. ಕೆಲವು ಸಲ ಕಾಯಿಲೆಯೇ ಅಂಕಿಯನ್ನು ಬದಲಿಸುತ್ತದೆ. ಒಳಗೊಳಗೇ ಬೆಳೆಯುತ್ತಿರುವ ರೋಗ ಹೊರಗೆ ಕಾಣುವ ಎಷ್ಟೋ ಮೊದಲು ರಕ್ತದಲ್ಲಿ ಗುರುತು ಬಿಟ್ಟಿರುತ್ತದೆ. ನಾವು ಆ ಗುರುತನ್ನು ನೋಡಿ, ಇದರಿಂದಲೇ ರೋಗ ಬಂತು ಎನ್ನುತ್ತೇವೆ. ಬಂಡಿಯೇ ಎತ್ತನ್ನು ಎಳೆಯಿತು ಎಂದ ಹಾಗೆ.

ಅಜ್ಜಿಯ ದಾರಿ ವೈದ್ಯಕೀಯದಲ್ಲೂ ಇದೆ. ಸಾವಿರಾರು ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ತೀರ್ಮಾನಿಸುವುದರಿಂದ ಬಡವರು, ಸಾಹುಕಾರರು, ಸೇದುವವರು, ಸೇದದವರು ಎರಡೂ ಕಡೆ ಸರಿಸುಮಾರು ಸಮವಾಗಿ ಹಂಚಿಹೋಗುತ್ತಾರೆ. ಕೊನೆಯಲ್ಲಿ ವ್ಯತ್ಯಾಸ ಕಂಡರೆ ಅದು ಔಷಧದ್ದೇ. ಇದಕ್ಕಿಂತ ನಂಬಿಕಸ್ಥ ದಾರಿ ಇನ್ನೊಂದಿಲ್ಲ. ಆದರೆ ಇದಕ್ಕೆ ವರ್ಷಗಳು ಬೇಕು, ಕೋಟಿಗಟ್ಟಲೆ ಹಣ ಬೇಕು, ಮೊದಲಿಗೆ ಔಷಧವೇ ಇರಬೇಕು. ಊಹೆ ತಪ್ಪಾಗಿದ್ದರೆ ಪ್ರಾಣಗಳೂ ಹೋಗುತ್ತವೆ. 2006ರ ಡಿಸೆಂಬರಿನಲ್ಲಿ ಹಾಗೇ ಆಯಿತು. ಟಾರ್ಸೆಟ್ರಪಿಬ್ ಎಂಬ ಹೊಸ ಔಷಧ ಎಚ್‌ಡಿಎಲ್ಲನ್ನು ನೂರಕ್ಕೆ 72ರಷ್ಟು ಏರಿಸಿತ್ತು. ಸುಮಾರು 15 ಸಾವಿರ ಜನರ ಮೇಲೆ ನಡೆಯುತ್ತಿದ್ದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧ ತೆಗೆದುಕೊಂಡವರಲ್ಲಿ 93 ಜನ ಸತ್ತಿದ್ದರು, ಸಪ್ಪೆ ಗುಂಪಿನಲ್ಲಿ 59.

ಆ ಔಷಧ ರಕ್ತದೊತ್ತಡವನ್ನೂ ಏರಿಸುತ್ತಿತ್ತು. ಹಾಗಾಗಿ ದೋಷ ಔಷಧದ್ದು, ಎಚ್‌ಡಿಎಲ್ಲಿನದಲ್ಲ ಎಂದು ಅನೇಕರು ವಾದಿಸಿದರು. ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ. ನಮ್ಮ ಮನೆಯಲ್ಲಿ ನಯಾಸಿನ್ ಮುಂದುವರಿಯಿತು.

ಈಗ ನಾನು ಹೇಳಬೇಕೆಂದು ಬಂದ ಮುಖ್ಯ ವಿಷಯಕ್ಕೆ ಬರುತ್ತೇನೆ. ಮನುಷ್ಯರು ಚೀಟಿ ಎತ್ತುವ ಮೊದಲೇ ಪ್ರಕೃತಿ ಒಂದು ಚೀಟಿ ಎತ್ತಿರುತ್ತದೆ. ನಮ್ಮ ಪ್ರತಿಯೊಂದು ಜೀನೂ, ಅಂದರೆ ವಂಶವಾಹಿಯೂ, ಸಾಮಾನ್ಯವಾಗಿ ಎರಡು ಪ್ರತಿಗಳಲ್ಲಿರುತ್ತದೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ತಾಯಿಯ ಹತ್ತಿರ ಇರುವ ಎರಡರಲ್ಲಿ ಯಾವುದು ಮಗುವಿಗೆ ಬರಬೇಕು ಎನ್ನುವುದಕ್ಕೆ ಮೀಸಲಾತಿ ಇಲ್ಲ, ಶಿಫಾರಸು ಇಲ್ಲ. ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆದು ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ್ದು ಈ ಹಂಚಿಕೆಯ ನಿಯಮವನ್ನೇ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣನಿಗೆ ಒಂದು ಚೀಟಿ, ತಂಗಿಗೆ ಇನ್ನೊಂದು.

ಇಂಥ ಚೀಟಿಗಳಲ್ಲಿ ಕೆಲವು ರಕ್ತದ ಒಂದು ಅಂಶವನ್ನು ಜೀವಮಾನವಿಡೀ ಸ್ವಲ್ಪ ಹೆಚ್ಚು ಅಥವಾ ಸ್ವಲ್ಪ ಕಡಿಮೆ ಇಡುತ್ತವೆ. ಅದನ್ನು ಹಿಡಿದುಕೊಂಡು ಹೊರಟರೆ ದಾರಿ ತೆರೆಯುತ್ತದೆ. ಎಚ್‌ಡಿಎಲ್ ಹೆಚ್ಚಿಡುವ ಚೀಟಿ ಪಡೆದವರನ್ನೂ ಪಡೆಯದವರನ್ನೂ ಸಾವಿರ ಸಾವಿರ ಲೆಕ್ಕದಲ್ಲಿ ಹೋಲಿಸಿ ನೋಡುವುದು. ಎಚ್‌ಡಿಎಲ್ ನಿಜಕ್ಕೂ ಹೃದಯವನ್ನು ಕಾಯುವುದಾದರೆ ಮೊದಲ ಗುಂಪಿನಲ್ಲಿ ಹೃದಯಾಘಾತ ಕಡಿಮೆ ಇರಲೇಬೇಕು. ಚೀಟಿ ಹುಟ್ಟುವ ಮೊದಲೇ ಎತ್ತಿದ್ದು. ಆಮೇಲೆ ಬಂದ ಕಾಯಿಲೆ ಅದನ್ನು ತಿದ್ದಲಾರದು, ಸಿಗರೇಟು ತಿದ್ದಲಾರದು, ಸಂಬಳ ತಿದ್ದಲಾರದು. ಬಂಡಿ ಯಾವುದು, ಎತ್ತು ಯಾವುದು ಎಂಬ ಗೊಂದಲ ಅಲ್ಲಿಗೆ ಬಹುಪಾಲು ಕಳೆಯುತ್ತದೆ. ಈ ವಿಧಾನಕ್ಕೆ ವಿಜ್ಞಾನಿಗಳು ಮೆಂಡೆಲಿಯನ್ ರಾಂಡಮೈಸೇಶನ್ ಎನ್ನುತ್ತಾರೆ. ಮೆಂಡೆಲನ ಚೀಟಿ ಎಂದರೆ ನಮಗೆ ಸಾಕು.

ಈ ಆಲೋಚನೆಯ ಬೇರು ಎರಡು ಕಡೆ ಇದೆ. ಒಂದು ಬೇರು, ಆಶ್ಚರ್ಯವೆನಿಸಬಹುದು, ಅಗಸೆ ಬೀಜದ ಮಾರುಕಟ್ಟೆಯಲ್ಲಿದೆ. ಸ್ಯೂವಲ್ ರೈಟ್ ಎಂಬ ಅಮೆರಿಕದ ತಳಿವಿಜ್ಞಾನಿ ಗಿನಿಯಿಲಿಗಳನ್ನು ಸಾಕಿ, ಅವುಗಳ ಮೈಬಣ್ಣ ಹೇಗೆ ಬರುತ್ತದೆ ಎಂದು ಹುಡುಕುತ್ತಿದ್ದವರು. ಜೊತೆಯಾಗಿ ಏರಿಳಿಯುವ ಸಂಗತಿಗಳಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂದು ಬಾಣದ ಗುರುತುಗಳ ನಕ್ಷೆ ಬರೆದು ಲೆಕ್ಕ ಹಾಕುವ ಕ್ರಮವನ್ನು 1921ರಲ್ಲಿ ಮುಂದಿಟ್ಟರು. ಅವರ ತಂದೆ ಫಿಲಿಪ್ ರೈಟ್ ಅರ್ಥಶಾಸ್ತ್ರಜ್ಞ. 1928ರಲ್ಲಿ ಎಣ್ಣೆಗಳ ಸುಂಕದ ಬಗ್ಗೆ ಒಂದು ಪುಸ್ತಕ ಬರೆದರು. ಅಗಸೆಯ ಬೆಲೆ ಏರಿದ್ದು ಕೊಳ್ಳುವವರು ಹೆಚ್ಚಿದ್ದಕ್ಕೋ, ಬೆಳೆ ಕಡಿಮೆಯಾದದ್ದಕ್ಕೋ? ಬೆಲೆ ಮತ್ತು ಮಾರಾಟದ ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಇದು ತಿಳಿಯುವುದಿಲ್ಲ. ಆದರೆ ಎಕರೆಗೆ ಎಷ್ಟು ಇಳುವರಿ ಬಂತು ಎನ್ನುವುದು ಮಳೆ ಬಿಸಿಲಿಗೆ ಸೇರಿದ್ದು. ಪೇಟೆಯಲ್ಲಿ ಕೊಳ್ಳುವವರ ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಆ ಹೊರಗಿನ ಏರಿಳಿತವನ್ನು ಸಲಕರಣೆಯಾಗಿ ಹಿಡಿದರೆ ಒಳಗಿನ ಸಿಕ್ಕು ಬಿಡಿಸಬಹುದು ಎಂದು ಅವರು ತೋರಿಸಿದರು. ಅಗಸೆಯ ಲೆಕ್ಕದಲ್ಲಿ ಮಳೆ ಬಿಸಿಲು ಮಾಡಿದ ಕೆಲಸವನ್ನೇ ರಕ್ತದ ಲೆಕ್ಕದಲ್ಲಿ ಜೀನ್ ಮಾಡುತ್ತದೆ. ಅಗಸಿ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುವಾಗಲೆಲ್ಲ ನನಗೆ ಈ ತಂದೆ ಮಗ ನೆನಪಾಗುತ್ತಾರೆ.

ಇನ್ನೊಂದು ಬೇರು 1986ರ ಒಂದು ಪತ್ರ. ಕೊಲೆಸ್ಟ್ರಾಲ್ ತೀರ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಹೆಚ್ಚು ಎಂದು ಆಗ ಕೆಲವು ಅಧ್ಯಯನಗಳಲ್ಲಿ ಕಂಡು ಬಂದು, ಕೊಲೆಸ್ಟ್ರಾಲ್ ಇಳಿಸುವುದೇ ಅಪಾಯವೇನೋ ಎಂಬ ಭಯ ಹುಟ್ಟಿತ್ತು. ನೆದರ್ಲೆಂಡ್ಸಿನ ಮಾರ್ಟೈನ್ ಕಾಟನ್ ಅವರು ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಪತ್ರದಲ್ಲಿ ಒಂದು ಉಪಾಯ ಸೂಚಿಸಿದರು. ಅಪೊಇ ಎಂಬ ಜೀನಿನ ಒಂದು ಬಗೆ ಪಡೆದವರಿಗೆ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಕಡಿಮೆ. ಕೊಲೆಸ್ಟ್ರಾಲ್ ಕಡಿಮೆಯಾದದ್ದೇ ಕ್ಯಾನ್ಸರಿಗೆ ಕಾರಣವಾದರೆ ಕ್ಯಾನ್ಸರ್ ರೋಗಿಗಳಲ್ಲಿ ಈ ಬಗೆಯವರು ಹೆಚ್ಚಾಗಿ ಸಿಗಬೇಕು. ಕ್ಯಾನ್ಸರೇ ಕೊಲೆಸ್ಟ್ರಾಲನ್ನು ಇಳಿಸಿದ್ದಾದರೆ ಹಾಗೆ ಸಿಗಬಾರದು. ಅವರ ಕೈಯಲ್ಲಿ ಅಂಕಿಅಂಶ ಇರಲಿಲ್ಲ, ಆಲೋಚನೆ ಮಾತ್ರ ಇತ್ತು. ಅದನ್ನು ಒಂದು ಶಾಸ್ತ್ರವಾಗಿ ಕಟ್ಟಿ ನಿಲ್ಲಿಸಿದ ಪ್ರಬಂಧ 2003ರಲ್ಲಿ ಬಂತು. ಬರೆದವರು ಬ್ರಿಸ್ಟಲ್ ವಿಶ್ವವಿದ್ಯಾಲಯದ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ. ಇವರಲ್ಲಿ ಇಬ್ರಾಹಿಂ ಅವರು ನಮ್ಮ ದೇಶದಲ್ಲೂ ಕೆಲಸ ಮಾಡಿದವರು. ಹಳ್ಳಿಯಿಂದ ನಗರಕ್ಕೆ ಬಂದು ಕಾರ್ಖಾನೆ ಸೇರಿದವರ ಆರೋಗ್ಯವನ್ನು ಲಖನೌ, ನಾಗಪುರ, ಹೈದರಾಬಾದ್ ಮತ್ತು ಬೆಂಗಳೂರುಗಳಲ್ಲಿ ಅಭ್ಯಾಸ ಮಾಡಿದ ತಂಡದ ಮುಂದಾಳು ಅವರೇ.

ಮತ್ತೆ ಎಚ್‌ಡಿಎಲ್ ವಿಚಾರಕ್ಕೆ ಬರೋಣ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಎಂಡೊಥೀಲಿಯಲ್ ಲೈಪೇಸ್ ಎಂಬ ಕಿಣ್ವದ ಜೀನಿನ ಬರಹದಲ್ಲಿ ಒಂದು ಅಕ್ಷರ ಬದಲಾದವರು ನೂರಕ್ಕೆ ಸುಮಾರು 2.6 ಜನ ಇದ್ದರು. ಅವರ ಎಚ್‌ಡಿಎಲ್ ಉಳಿದವರಿಗಿಂತ ಐದು ಅಂಕಕ್ಕೂ ತುಸು ಹೆಚ್ಚು. ಎಲ್‌ಡಿಎಲ್, ಟ್ರೈಗ್ಲಿಸರೈಡ್ ಎಲ್ಲರಂತೆಯೇ. ಹಳೆಯ ಲೆಕ್ಕದ ಪ್ರಕಾರ ಅವರಲ್ಲಿ ಹೃದಯಾಘಾತ ನೂರಕ್ಕೆ 13ರಷ್ಟು ಕಡಿಮೆ ಇರಬೇಕಿತ್ತು. ಹೃದಯಾಘಾತವಾದ 20 ಸಾವಿರಕ್ಕೂ ಹೆಚ್ಚು ಜನರನ್ನೂ ಆಗದ 95 ಸಾವಿರಕ್ಕೂ ಹೆಚ್ಚು ಜನರನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸವೇ ಇಲ್ಲ. ಎಚ್‌ಡಿಎಲ್ ಏರಿಸುವ ಹದಿನಾಲ್ಕು ಜೀನ್ ಬದಲಾವಣೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅದೇ ಉತ್ತರ. ಅದೇ ಅಧ್ಯಯನದಲ್ಲಿ ಎಲ್‌ಡಿಎಲ್ ಏರಿಸುವ ಜೀನುಗಳನ್ನು ನೋಡಿದಾಗ ಹೃದಯಾಘಾತ ಎದ್ದು ಕಾಣುವಷ್ಟು ಹೆಚ್ಚಿತ್ತು.

ಹುಂಜವನ್ನು ಕಾಡಿಗೆ ಒಯ್ದದ್ದಾಯಿತು, ಬೆಳಗು ಎಂದಿನಂತೆ ಆಯಿತು.

ನಯಾಸಿನ್ ಪ್ರಯೋಗಗಳ ಉತ್ತರವೂ ಆ ಹೊತ್ತಿಗೇ ಬರತೊಡಗಿತ್ತು. ಸ್ಟಾಟಿನ್ ಜೊತೆಗೆ ನಯಾಸಿನ್ ಕೊಟ್ಟ 3,414 ಜನರ ಪ್ರಯೋಗವನ್ನು ಪ್ರಯೋಜನ ಕಾಣದೆ 2011ರಲ್ಲಿ ನಿಲ್ಲಿಸಿದರು. 2014ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಲಾಭವಿಲ್ಲ, ಅಡ್ಡಪರಿಣಾಮಗಳು ಬೇಕಾದಷ್ಟು. ಅಷ್ಟರಲ್ಲಿ ನಮ್ಮ ಡಾಕ್ಟರೇ ಅಪ್ಪನಿಗೆ ಆ ಮಾತ್ರೆ ನಿಲ್ಲಿಸಿದ್ದರು. ನಿಲ್ಲಿಸಿದ ಮೊದಲ ರಾತ್ರಿ ಅಮ್ಮ ಅಭ್ಯಾಸಬಲದಿಂದ ಪತ್ರಿಕೆ ಮಡಿಸಿಕೊಂಡು ಪಕ್ಕಕ್ಕೆ ಬಂದು ಕೂತಿದ್ದರು.

ಎಚ್‌ಡಿಎಲ್ ಕಡಿಮೆ ಇರುವುದು ಲೆಕ್ಕಕ್ಕಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಅಪಾಯವನ್ನು ಮುನ್ಸೂಚಿಸಲು ಆ ಅಂಕಿ ಇಂದಿಗೂ ಉಪಯುಕ್ತ. ಹುಂಜ ಕೂಗಿದರೆ ಹೊತ್ತು ಮೂಡುತ್ತದೆಂದು ತಿಳಿಯಬಹುದು. ಹುಂಜವನ್ನು ಹೆಚ್ಚು ಕೂಗಿಸಿ ಹೊತ್ತು ಬೇಗ ಮೂಡಿಸಲಾಗದು, ಅಷ್ಟೇ. ಮಾತ್ರೆಯನ್ನು ಬಿಡುವುದು, ಹಿಡಿಯುವುದು ನಿಮ್ಮ ವೈದ್ಯರನ್ನು ಕೇಳಿಯೇ ಆಗಬೇಕು.

ಎಲ್‌ಡಿಎಲ್ ಕತೆ ಇದಕ್ಕೆ ತದ್ವಿರುದ್ಧ, ನನಗಂತೂ ಬಹಳ ಪ್ರಿಯವಾದದ್ದು. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ವಿಪರೀತ ಕೊಲೆಸ್ಟ್ರಾಲಿಗೆ ಕಾರಣವಾದ ಪಿಸಿಎಸ್‌ಕೆ9 ಎಂಬ ಜೀನ್ ಪತ್ತೆಯಾಯಿತು. ಅಲ್ಲಿ ಆ ಜೀನ್ ಅತಿಯಾಗಿ ಕೆಲಸ ಮಾಡುತ್ತಿತ್ತು. ಟೆಕ್ಸಾಸಿನ ಡಲ್ಲಾಸ್ ನಗರದ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಈ ಜೀನ್ ಕೆಟ್ಟು ಸುಮ್ಮನಿರುವವರು ಯಾರಾದರೂ ಇದ್ದಾರೆಯೇ? ಇದ್ದರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 3,363 ಕಪ್ಪು ಅಮೆರಿಕನ್ನರ ಪೈಕಿ ನೂರಕ್ಕೆ 2.6 ಜನರಲ್ಲಿ ಈ ಜೀನಿನ ಒಂದು ಪ್ರತಿ ಕೆಟ್ಟಿತ್ತು. ಅವರ ಎಲ್‌ಡಿಎಲ್ ಸರಾಸರಿ 138ರ ಬದಲು 100ರ ಆಸುಪಾಸಿನಲ್ಲಿತ್ತು. ಹದಿನೈದು ವರ್ಷದಲ್ಲಿ ಅವರಲ್ಲಿ ಕಂಡ ಹೃದಯದ ಕಾಯಿಲೆ ಉಳಿದವರಿಗಿಂತ ನೂರಕ್ಕೆ 88ರಷ್ಟು ಕಡಿಮೆ. ಇದೇ ಊರಿನ ಸಂಶೋಧಕರು ಎರಡೂ ಪ್ರತಿಗಳು ಕೆಟ್ಟಿದ್ದ ಒಬ್ಬ ಯುವತಿಯ ಬಗ್ಗೆಯೂ ಬರೆದರು. ಎಲ್‌ಡಿಎಲ್ ಕೇವಲ 14, ಆಕೆ ಆರೋಗ್ಯವಾಗಿದ್ದಳು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಲ್‌ಡಿಎಲ್ ಅಷ್ಟೇ ಪ್ರಮಾಣದಲ್ಲಿ, ಅಂದರೆ ಸುಮಾರು 40 ಅಂಕ ಇಳಿದರೂ ಸ್ಟಾಟಿನ್ ಪ್ರಯೋಗಗಳಲ್ಲಿ ಸಿಕ್ಕ ರಕ್ಷಣೆ ಹೆಚ್ಚುಕಡಿಮೆ ಐದನೇ ಒಂದು ಪಾಲು. ಅದೇ ಇಳಿಕೆ, ಫಲ ಯಾಕೆ ಇಷ್ಟು ಬೇರೆ? ಔಷಧದ ಪ್ರಯೋಗ ಐವತ್ತು ಅರವತ್ತು ವರ್ಷವಾದ ಮೇಲೆ ಶುರುವಾಗಿ ನಾಲ್ಕೈದು ವರ್ಷ ನಡೆಯುತ್ತದೆ. ಜೀನಿನ ಚೀಟಿ ತೊಟ್ಟಿಲಿನಿಂದಲೇ ಕೆಲಸ ಮಾಡುತ್ತಿರುತ್ತದೆ. ರಕ್ತನಾಳದ ಗೋಡೆಗೆ ಕೊಬ್ಬು ದಿನದಿನವೂ ಮೆತ್ತಿಕೊಳ್ಳುವಂಥದ್ದು. ನಲವತ್ತು ವರ್ಷ ಮೆತ್ತಿಕೊಳ್ಳದೆ ಉಳಿದ ಗೋಡೆಗೂ, ಮೆತ್ತಿಕೊಂಡ ಮೇಲೆ ತೊಳೆಯಲು ಹೊರಟ ಗೋಡೆಗೂ ವ್ಯತ್ಯಾಸ ಇದ್ದೇ ಇರುತ್ತದೆ. ಪಿಸಿಎಸ್‌ಕೆ9ಅನ್ನು ತಡೆಯುವ ಚುಚ್ಚುಮದ್ದುಗಳಿಗೆ 2015ರಲ್ಲಿ ಅನುಮತಿ ಸಿಕ್ಕಿತು. ಜೀನ್ ಪತ್ತೆಯಾಗಿ ಹನ್ನೆರಡೇ ವರ್ಷಕ್ಕೆ ಔಷಧ ಸಿದ್ಧವಾಗಿತ್ತು.

ರಕ್ತದ ಸೂಚಕಗಳು ಒಂದಕ್ಕೊಂದು ಸರಪಳಿಯಾಗಿ ಸೇರಿಕೊಂಡಾಗ ಈ ವಿಧಾನದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಿಆರ್‌ಪಿ ಎಂಬ ಹೆಸರನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ್ದೀರಿ. 1930ರಲ್ಲಿ ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದ ಪ್ರೋಟೀನು. ದೇಹದಲ್ಲಿ ಎಲ್ಲೇ ಉರಿಯೂತವಾದರೂ ಇದು ಏರುತ್ತದೆ. ಹೃದಯಾಘಾತ ಆಗಲಿರುವವರಲ್ಲೂ ಸ್ವಲ್ಪ ಏರಿರುತ್ತದೆ. ಹಾಗಾದರೆ ಸಿಆರ್‌ಪಿಯೇ ನಾಳವನ್ನು ಕೆಡಿಸುತ್ತದೆಯೇ? 2008ರಲ್ಲಿ ಕೋಪನ್‌ಹೇಗನ್ ನಗರದವರು 50 ಸಾವಿರ ಜನರನ್ನು ನೋಡಿದರು. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿಡುವ ಜೀನ್ ಪಡೆದವರಿಗೆ ಹೃದಯದ ಕಾಯಿಲೆ ಹೆಚ್ಚಾಗಿರಲಿಲ್ಲ. ಸಿಆರ್‌ಪಿ ಹೊಗೆ, ಬೆಂಕಿಯಲ್ಲ. ಬೆಂಕಿ ಎಲ್ಲಿ? ಸಿಆರ್‌ಪಿ ತಯಾರಿಸು ಎಂದು ಯಕೃತ್ತಿಗೆ ಅಪ್ಪಣೆ ಕೊಡುವುದು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ. ಆ ಸಂದೇಶವನ್ನು ಮಂಕಾಗಿಸುವ ಜೀನ್ ಬದಲಾವಣೆ ಇದ್ದವರಲ್ಲಿ ಹೃದಯದ ಕಾಯಿಲೆ ಸ್ವಲ್ಪವೇ ಆದರೂ ನಿಶ್ಚಯವಾಗಿ ಕಡಿಮೆ ಎಂದು 2012ರಲ್ಲಿ ತಿಳಿಯಿತು. 2017ರಲ್ಲಿ ಇದೇ ಸರಪಳಿಯ ಇನ್ನೂ ಮೇಲಿನ ಕೊಂಡಿಯನ್ನು ತಡೆಯುವ ಕೆನಕಿನುಮ್ಯಾಬ್ ಔಷಧವನ್ನು 10,061 ಜನರಲ್ಲಿ ಪ್ರಯೋಗಿಸಿದರು. ಎಲ್‌ಡಿಎಲ್ ಕದಲಲಿಲ್ಲ, ಆದರೂ ಹೃದಯಾಘಾತದಂಥ ಘಟನೆಗಳು ನೂರಕ್ಕೆ 15ರಷ್ಟು ಇಳಿದವು. ಸೋಂಕಿನಿಂದ ಸಾಯುವವರು ಹೆಚ್ಚಾದದ್ದರಿಂದ ಆ ಔಷಧ ಹೃದಯರೋಗಿಗಳ ಕೈಗೆ ಬರಲಿಲ್ಲ. ದಾರಿ ಮಾತ್ರ ಸರಿ ಎಂದು ಗೊತ್ತಾಯಿತು.

ಬೊಜ್ಜು ಹೆಚ್ಚಿದರೆ ಸಿಆರ್‌ಪಿ ಏರುತ್ತದೆ, ಸಿಆರ್‌ಪಿ ಏರಿತೆಂದು ಬೊಜ್ಜು ಬರುವುದಿಲ್ಲ. ಬೊಜ್ಜು ಡಿ ಜೀವಸತ್ವವನ್ನು ಇಳಿಸುತ್ತದೆ, ಡಿ ಕಡಿಮೆಯಾಯಿತೆಂದು ಬೊಜ್ಜು ಬಂದದ್ದಕ್ಕೆ ಸಾಕ್ಷಿಯಿಲ್ಲ. ಎರಡೂ ಕಡೆಯಿಂದ ಜೀನ್ ಹಿಡಿದು ನೋಡಿ ಬಾಣದ ಗುರುತು ಯಾವ ಕಡೆಗಿದೆ ಎಂದು ಹೀಗೆ ಹೇಳಬಹುದು.

ಈಗ ಮೈಸೂರಿಗೆ ಹೋಗೋಣ. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದಾರೆ. ಶಾಯಿ ಪೆನ್ನಿನ ಕಾಲದಲ್ಲಿ ಯಾರೋ ದಾದಿಯರು ಶ್ರದ್ಧೆಯಿಂದ ತುಂಬಿಸಿದ ಆ ದಫ್ತರುಗಳು ಮುಂದೆ ದೊಡ್ಡ ಸಂಶೋಧನೆಗೆ ಆಧಾರವಾದವು. 1997-98ರಲ್ಲಿ ಅಲ್ಲಿಗೆ ತಪಾಸಣೆಗೆ ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಯಿತು. ತಾಯಂದಿರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 43 ಜನರಲ್ಲಿ ಬಿ12 ಜೀವಸತ್ವ ಕಡಿಮೆಯಿತ್ತು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಬಿ12 ಸಿಗುತ್ತದೆ, ಸಸ್ಯಗಳಿಂದ ಬರುವ ಆಹಾರದಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದ ಮೊಸರನ್ನು ನೀರು ಬೆರೆಸಿ ಕಲಸಿಕೊಳ್ಳುವ ಸೊಸೆಗೆ ಎಷ್ಟು ಸಿಕ್ಕೀತು?

ಬಿ12 ಮತ್ತು ಫೋಲಿಕ್ ಆಮ್ಲ ಸಾಲದಾದಾಗ ರಕ್ತದಲ್ಲಿ ಹೊಮೊಸಿಸ್ಟೀನ್ ಎಂಬ ವಸ್ತು ಉಳಿದುಕೊಂಡು ಏರುತ್ತದೆ. ಅದು ಹೆಚ್ಚಿದ್ದ ತಾಯಂದಿರ ಮಕ್ಕಳ ತೂಕ ಕಡಿಮೆ. ಮೈಸೂರಿನಲ್ಲೂ ಕಂಡಿತು, ಪುಣೆ ಬಳಿಯ ಹಳ್ಳಿಗಳ ಅಧ್ಯಯನದಲ್ಲೂ ಕಂಡಿತು. ಆದರೆ ಬಡತನವೂ ತೂಕ ಇಳಿಸುತ್ತದೆ, ಊಟದ ಕೊರತೆಯೂ ಇಳಿಸುತ್ತದೆ. ಹೊಮೊಸಿಸ್ಟೀನ್ ಇಲ್ಲೂ ಬರೀ ಹುಂಜವಿರಬಹುದಲ್ಲ? ಪುಣೆಯ ಚಿತ್ತರಂಜನ್ ಯಾಜ್ಞಿಕ್, ಮೈಸೂರಿನ ಅಧ್ಯಯನ ನಡೆಸಿದ ಕ್ಯಾರೊಲಿನ್ ಫಾಲ್ ಮೊದಲಾದವರು ಸೇರಿ ಇದನ್ನು ಮೆಂಡೆಲನ ಚೀಟಿಗೆ ಒಡ್ಡಿದರು. ಹೊಮೊಸಿಸ್ಟೀನನ್ನು ಮತ್ತೆ ಬಳಕೆಗೆ ತರುವ ಕೆಲಸದಲ್ಲಿ ಎಂಟಿಎಚ್‌ಎಫ್‌ಆರ್ ಎಂಬ ಕಿಣ್ವ ಬೇಕು. ಅದರ ಜೀನಿನಲ್ಲಿ ಒಂದು ಅಕ್ಷರ ಬದಲಾದರೆ ಕಿಣ್ವ ಸೊರಗುತ್ತದೆ, ಹೊಮೊಸಿಸ್ಟೀನ್ ಏರುತ್ತದೆ. ಈ ಅಕ್ಷರ ಬಡವರ ಮನೆ, ಉಳ್ಳವರ ಮನೆ ಎಂದು ನೋಡಿ ಬರುವುದಿಲ್ಲ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ತಾಯಿಯಲ್ಲಿ ಬದಲಾದ ಜೀನಿನ ಒಂದೊಂದು ಪ್ರತಿಗೂ ಮಗುವಿನ ತೂಕ ಸರಾಸರಿ 50 ಗ್ರಾಮಿನ ಆಸುಪಾಸು ಕಡಿಮೆ. ಮೈಸೂರಿನ ಮಕ್ಕಳ ಸರಾಸರಿ ತೂಕ 2,871 ಗ್ರಾಂ, ಪುಣೆ ಹಳ್ಳಿಗಳಲ್ಲಿ 2,642. ಅಂಥ ಪುಟ್ಟ ಮೈಯಲ್ಲಿ ಆ ಕೊರತೆ ಅಂದರೆ ಒಂದು ಸಣ್ಣ ಕೋಳಿಮೊಟ್ಟೆಯ ತೂಕ. ತಾಯಿಯ ರಕ್ತದ ಈ ಅಂಶ ಮಗುವಿನ ಬೆಳವಣಿಗೆಯನ್ನು ನಿಜವಾಗಿಯೂ ಹಿಡಿದೆಳೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮಿಷನ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸೀರೆಯ ಸೆರಗು ಸರಿಸಿ ತೋಳು ಚಾಚಿದ ನಮ್ಮ ಹೆಣ್ಣುಮಕ್ಕಳು ಕೊಟ್ಟ ಸಾಕ್ಷಿ. ವಿದೇಶದ ಎಷ್ಟು ಲಕ್ಷ ಜನರ ಲೆಕ್ಕ ಬಂದರೂ ನನಗೆ ಇದು ದೊಡ್ಡದು.

ಇದೇ ಹೊಮೊಸಿಸ್ಟೀನ್ ಹೃದಯಾಘಾತಕ್ಕೂ ಕಾರಣ ಎಂದು ಬಹಳ ಕಾಲ ಅನುಮಾನವಿತ್ತು. ಬಿ ಜೀವಸತ್ವಗಳನ್ನು ಕೊಟ್ಟು ಅದನ್ನು ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಯೂರಿಕ್ ಆಮ್ಲವೂ ಹಾಗೇ. ಹೆಬ್ಬೆರಳನ್ನು ಊದಿಸಿ ರಾತ್ರಿಯಿಡೀ ನಿದ್ದೆಗೆಡಿಸುವ ಗೌಟ್ ರೋಗದಲ್ಲಿ ಅದು ಸ್ಪಷ್ಟ ಅಪರಾಧಿ. ಹೃದಯದ ಕಾಯಿಲೆಯಲ್ಲಿ ಅದರ ಮೇಲಿನ ಆರೋಪ ನಿಂತಿಲ್ಲ. ಒಂದು ಕಡೆ ಕಾರಣವಾದದ್ದು ಎಲ್ಲ ಕಡೆಯೂ ಕಾರಣವಾಗಬೇಕಿಲ್ಲ. ಪ್ರತಿ ಕಾಯಿಲೆಗೂ ಪ್ರತ್ಯೇಕ ವಿಚಾರಣೆ ಆಗಬೇಕು.

ಚೀಟಿಯೂ ಮೋಸ ಹೋಗುವ ಸಂದರ್ಭಗಳಿವೆ. ಒಂದೇ ಜೀನ್ ಎರಡು ಮೂರು ಕೆಲಸ ಮಾಡುವುದು ಅಪರೂಪವಲ್ಲ. ನಾವು ಎಚ್‌ಡಿಎಲ್ ಮೂಲಕ ಎಂದುಕೊಂಡದ್ದು ಬೇರೆ ಹಿತ್ತಲ ಬಾಗಿಲಿನಿಂದ ನಡೆದಿರಬಹುದು. ಮೈಸೂರಿನ ಲೆಕ್ಕದಲ್ಲೂ, ತಾಯಿಯ ಜೀನಿನ ಅರ್ಧ ಮಗುವಿಗೂ ಬಂದಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಇಂಥ ಹಿತ್ತಲ ಬಾಗಿಲನ್ನು ಪರೀಕ್ಷಿಸಿದ ಒಂದು ಅಂದವಾದ ಉದಾಹರಣೆ ಚೀನಾದ್ದು. ಮದ್ಯ ಕುಡಿದರೆ ಮುಖ ಕೆಂಪಾಗಿ ಹೊಟ್ಟೆ ತೊಳಸುವಂತೆ ಮಾಡುವ ಒಂದು ಜೀನ್ ಬದಲಾವಣೆ ಪೂರ್ವ ಏಷ್ಯಾದವರಲ್ಲಿ ಸಾಮಾನ್ಯ. ಅದು ಇದ್ದವರು ಕುಡಿಯುವುದೇ ಕಡಿಮೆ. ಇದನ್ನು ಹಿಡಿದು ಐದು ಲಕ್ಷ ಜನರ ಅಧ್ಯಯನವೊಂದು 2019ರಲ್ಲಿ, ಸ್ವಲ್ಪ ಕುಡಿದರೆ ಪಾರ್ಶ್ವವಾಯು ತಪ್ಪುತ್ತದೆ ಎಂಬ ನಂಬಿಕೆ ಸುಳ್ಳು ಎಂದು ತೋರಿಸಿತು. ಆ ಜೀನ್ ಬೇರೆ ದಾರಿಯಿಂದ ಕೆಲಸ ಮಾಡಿರಬಹುದಲ್ಲ ಎಂದು ಕೇಳಬಹುದು. ಅಲ್ಲಿನ ಹೆಂಗಸರಲ್ಲಿ ಕುಡಿಯುವವರು ತೀರ ಕಡಿಮೆ. ಅವರಲ್ಲೂ ಅದೇ ಜೀನ್ ಇದೆ, ಆದರೆ ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿತ್ತಲ ಬಾಗಿಲು ಮುಚ್ಚಿತ್ತು.

ಆ ಜೀನ್ ನಮ್ಮಲ್ಲಿ ಬಹಳ ವಿರಳ. ನಮ್ಮ ಪ್ರಶ್ನೆಗಳಿಗೆ ನಮ್ಮದೇ ಚೀಟಿಗಳು ಬೇಕು. ಇದುವರೆಗೆ ಪ್ರಪಂಚದಲ್ಲಿ ಜೀನ್ ಓದಿಸಿಕೊಂಡವರಲ್ಲಿ ಬಹುಪಾಲು ಯುರೋಪಿನ ಮೂಲದವರು. ನಮ್ಮ ಜನರಲ್ಲಿ ಮೈ ತೆಳ್ಳಗಿದ್ದರೂ ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು. ಇವುಗಳಲ್ಲಿ ಯಾವುದು ಯಾವುದನ್ನು ಎಳೆಯುತ್ತಿದೆ ಎಂದು ಇಂಗ್ಲೆಂಡಿನವರ ರಕ್ತ ನೋಡಿ ಪೂರ್ತಿ ಹೇಳಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ದೇಶದ 20 ಸಂಸ್ಥೆಗಳು ಸೇರಿ 10 ಸಾವಿರ ಭಾರತೀಯರ ಜೀನೋಮ್, ಅಂದರೆ ವಂಶವಾಹಿಗಳ ಪೂರ್ತಿ ಬರಹ, ಓದಿ ಮುಗಿಸಿವೆ. ಅದೇ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಮಾವಿನ ತೋಪುಗಳ ನಡುವಿನ ಹಳ್ಳಿಗಳಲ್ಲಿ, 45 ದಾಟಿದವರ ನೆನಪಿನ ಶಕ್ತಿ, ರಕ್ತ, ಜೀನ್ ಎಲ್ಲವನ್ನೂ ವರ್ಷ ವರ್ಷ ನೋಡುತ್ತಿದ್ದಾರೆ. ಮರೆವಿನ ಕಾಯಿಲೆಗೆ ಸಕ್ಕರೆ ಕಾರಣವೋ, ಜೊತೆಗಾರನೋ ಎಂಬ ಪ್ರಶ್ನೆಯನ್ನು ಇನ್ನು ನಮ್ಮ ಹಳ್ಳಿಯವರ ರಕ್ತವನ್ನೇ ಮುಂದಿಟ್ಟುಕೊಂಡು ಕೇಳಬಹುದು.

ಅಪ್ಪನಿಗೆ ಈಗ 84. ಸ್ಟಾಟಿನ್ ಮಾತ್ರೆ ಮುಂದುವರಿದಿದೆ, ಸಂಜೆಯ ನಡಿಗೆಯೂ. ಹೋದ ತಿಂಗಳು ರಿಪೋರ್ಟ್ ತಂದು ಲಕೋಟೆ ಬಿಚ್ಚುವಷ್ಟರಲ್ಲಿ ಹಳೆಯ ಅಭ್ಯಾಸದಂತೆ ಕೇಳಿದರು, "ಒಳ್ಳೇದು ಎಷ್ಟಿದೆ ನೋಡು?"

"32 ಅಪ್ಪ. ಇರಿ, ಅದಕ್ಕಿಂತ ಮೊದಲು ಇದನ್ನು ಕೇಳಿ" ಎಂದು ಎಲ್‌ಡಿಎಲ್ ಸಾಲಿನ ಮೇಲೆ ಬೆರಳಿಟ್ಟು ಓದಿದೆ. 68 ಇತ್ತು.